ರಾಜ್ಯದ ಆರ್ಥಿಕತೆ, ಉದ್ಯೋಗದ ಬಗ್ಗೆ ಚರ್ಚೆಗೆ ನಿಲ್ಲುವ ಮುನ್ನ: ಛೇದ ನೋಡಿ ಮಾತಾಡಿ

ಕಾಲೇಜಿನ ಚರ್ಚಾ ಸ್ಪರ್ಧೆ ಇರಲಿ, ಟಿವಿ ಸ್ಟುಡಿಯೊ ಇರಲಿ, "ರಾಜ್ಯದ ಆರ್ಥಿಕತೆ ಸೊರಗಿದೆ, ಉದ್ಯೋಗ ಹುಟ್ಟುತ್ತಿಲ್ಲ" ಎಂಬ ವಿಷಯ ಬಂದರೆ ಮಾತು ಹತ್ತೇ ನಿಮಿಷದಲ್ಲಿ ಹಳ್ಳ ಹಿಡಿಯುತ್ತದೆ. ಒಬ್ಬರು ಬೆಳವಣಿಗೆ ದರ ಹೇಳುತ್ತಾರೆ, ಇನ್ನೊಬ್ಬರು ಸಾಲದ ಮೊತ್ತ ಹೇಳುತ್ತಾರೆ, ಮತ್ತೊಬ್ಬರು ಎಂಜಿನಿಯರಿಂಗ್ ಓದಿ ಡೆಲಿವರಿ ಬ್ಯಾಗ್ ಹೊತ್ತ ಹುಡುಗನನ್ನು ತಂದು ನಿಲ್ಲಿಸುತ್ತಾರೆ. ಮೂರೂ ನಿಜವೇ ಇರಬಹುದು, ಆದರೆ ಒಂದು ಇನ್ನೊಂದಕ್ಕೆ ಉತ್ತರವಲ್ಲ. ಎತ್ತು ಏರಿಗೆಳೆದರೆ ಕೋಣ ನೀರಿಗೆ.

ಇಲ್ಲಿ ಕರ್ನಾಟಕವನ್ನೇ ಉದಾಹರಣೆಗೆ ಇಟ್ಟುಕೊಂಡಿದ್ದೇವೆ. ಬಜೆಟ್ ಲೆಕ್ಕಕ್ಕೆ 2025–26ರ ಅಂದಾಜುಗಳನ್ನು ಬಳಸಿದ್ದೇವೆ. ನೀವು ಚರ್ಚೆಗೆ ನಿಲ್ಲುವ ವರ್ಷಕ್ಕೆ ಅಂಕಿ ಬದಲಾಗುತ್ತದೆ, ಲೆಕ್ಕ ಹಾಕುವ ಕ್ರಮ ಬದಲಾಗುವುದಿಲ್ಲ. ಯಾವ ಅಂಕಿ ಬಂದರೂ ಮೊದಲು ಅದರ ಛೇದ ನೋಡಿ, ಅಂದರೆ ಯಾವುದರಿಂದ ಭಾಗಿಸಿದ್ದಾರೆ ಎಂಬುದನ್ನು.

ಮೊದಲು ವಿಷಯವನ್ನು ಗೂಟಕ್ಕೆ ಕಟ್ಟಿ

"ಸೊರಗಿದೆ" ಎಂದರೆ ಯಾವುದಕ್ಕೆ ಹೋಲಿಸಿ? ಈ ಪ್ರಶ್ನೆಗೆ ಮೊದಲ ಅರ್ಧ ನಿಮಿಷದಲ್ಲೇ ಉತ್ತರ ಹೇಳದಿದ್ದರೆ ಎದುರಾಳಿ ತನಗೆ ಬೇಕಾದ ಹೋಲಿಕೆಯನ್ನು ನಿಮ್ಮ ಕೊರಳಿಗೆ ಕಟ್ಟುತ್ತಾನೆ. ಹೋಲಿಕೆಗೆ ಮೂರು ದಾರಿಗಳಿವೆ: ರಾಜ್ಯದ ನಿನ್ನೆಯ ಸ್ಥಿತಿ, ಪಕ್ಕದ ರಾಜ್ಯಗಳು, ದೇಶದ ಸರಾಸರಿ. ಮೂರಕ್ಕೂ ಉತ್ತರ ಬೇರೆ ಬೇರೆ ಬರಬಹುದು.

ನಿಜಕ್ಕೂ ಸೊರಗಿದ ರಾಜ್ಯ ಹೇಗಿರುತ್ತದೆ ಎಂದು ತಿಳಿಯಲು ಪಶ್ಚಿಮ ಬಂಗಾಳವನ್ನು ನೋಡಿ. ಪ್ರಧಾನಿಯವರ ಆರ್ಥಿಕ ಸಲಹಾ ಮಂಡಳಿ 2024ರ ಸೆಪ್ಟೆಂಬರಿನಲ್ಲಿ ಹೊರತಂದ ಪ್ರಬಂಧದ ಪ್ರಕಾರ 1960–61ರಲ್ಲಿ ದೇಶದ ಜಿಡಿಪಿಯಲ್ಲಿ ಬಂಗಾಳದ ಪಾಲು ಶೇ 10.5 ಇತ್ತು, 2023–24ರಲ್ಲಿ ಶೇ 5.6. ತಲಾ ಆದಾಯ ದೇಶದ ಸರಾಸರಿಯ ಶೇ 127.5ರಷ್ಟಿದ್ದದ್ದು ಶೇ 83.7ಕ್ಕೆ ಇಳಿಯಿತು. ಪಂಜಾಬಿನದು ಇನ್ನೊಂದು ಬಗೆ. 2023–24ರಲ್ಲೂ ಅದು ದೇಶದ ಸರಾಸರಿಗಿಂತ ಸ್ವಲ್ಪ ಮೇಲೇ ಇದೆ (ಶೇ 106.7), ಆದರೆ ಒಂದು ಕಾಲಕ್ಕೆ ಅದರದ್ದೇ ಭಾಗವಾಗಿದ್ದ ಹರಿಯಾಣ ಶೇ 176.8ಕ್ಕೆ ಏರಿದೆ. ದೇಶದ ಜೊತೆ ಹೋಲಿಸಿದರೆ ಪಂಜಾಬ್ ಪಾಸ್, ಪಕ್ಕದ ಮನೆಯ ಜೊತೆ ಹೋಲಿಸಿದರೆ ಫೇಲ್.

ಅದೇ ಪ್ರಬಂಧದಲ್ಲಿ ಕರ್ನಾಟಕದ ತಲಾ ಆದಾಯ ದೇಶದ ಸರಾಸರಿಯ ಶೇ 181ರ ಸುಮಾರಿನಲ್ಲಿದೆ. ಹಾಗಾಗಿ "ಕರ್ನಾಟಕ ಸೊರಗಿದೆ" ಎಂದು ಪರ ವಹಿಸುವವರು ಬಂಗಾಳದ ಧಾಟಿಯಲ್ಲಿ ವಾದಿಸಿದರೆ ಮೊದಲ ಪ್ರತಿವಾದಕ್ಕೇ ಬೀಳುತ್ತಾರೆ. 2024–25ರಲ್ಲಿ ರಾಜ್ಯದ ಬೆಳವಣಿಗೆ ಶೇ 7.4, ದೇಶದ್ದು ಶೇ 6.4 ಎಂಬ ಅಂದಾಜನ್ನು 2025–26ರ ಬಜೆಟ್ ಹೊತ್ತಿಗೆ ಸರ್ಕಾರವೇ ಮುಂದಿಟ್ಟಿತ್ತು. ಪರ ಪಕ್ಷಕ್ಕೆ ಇರುವ ಗಟ್ಟಿ ನೆಲ ಬೇರೆ: ಉತ್ಪನ್ನ ಬೆಳೆಯುತ್ತಿದೆ, ಅದು ಒಂದೇ ಊರಿನಲ್ಲಿ ಗುಡ್ಡೆಯಾಗುತ್ತಿದೆ, ಬೆಳೆದಷ್ಟು ಒಳ್ಳೆಯ ಕೆಲಸ ಹುಟ್ಟುತ್ತಿಲ್ಲ. ವಿಷಯ ಕೈಗೆ ಬಂದ ಕೂಡಲೇ ಅದನ್ನು ಈ ರೂಪಕ್ಕೆ ತಿರುಗಿಸಿಕೊಳ್ಳಿ. ಸಂಘಟಕರು ಒಪ್ಪಿದರೆ ವಿಷಯದ ಸಾಲನ್ನೇ ಹಾಗೆ ಬರೆಸಿ, ಚರ್ಚೆಗೆ ಜೀವ ಬರುತ್ತದೆ.

ಉತ್ಪನ್ನದ ಅಂಕಿಯಲ್ಲಿ ಎಡವುವ ಜಾಗಗಳು

ಜಿಎಸ್‌ಡಿಪಿ ಎಂದರೆ ರಾಜ್ಯದ ಗಡಿಯೊಳಗೆ ಒಂದು ವರ್ಷದಲ್ಲಿ ಉತ್ಪಾದನೆಯಾದ ಸರಕು, ಸೇವೆಗಳ ಮೌಲ್ಯ. ಅದು ಚಾಲ್ತಿ ಬೆಲೆಯಲ್ಲಿ ಒಂದಿರುತ್ತದೆ, ಸ್ಥಿರ ಬೆಲೆಯಲ್ಲಿ ಇನ್ನೊಂದು. ಚಾಲ್ತಿ ಬೆಲೆಯದರಲ್ಲಿ ಹಣದುಬ್ಬರವೂ ಸೇರಿರುತ್ತದೆ. "ರಾಜ್ಯ ಶೇ 12ರ ದರದಲ್ಲಿ ಬೆಳೆಯಿತು" ಎಂದು ಯಾರಾದರೂ ಹೇಳಿದರೆ ಕೇಳಬೇಕಾದ ಪ್ರಶ್ನೆ ಒಂದೇ: ಯಾವ ಬೆಲೆಯಲ್ಲಿ? ಬೆಳವಣಿಗೆಗೆ ಸ್ಥಿರ ಬೆಲೆ, ಸಾಲ ಮತ್ತು ಕೊರತೆಯ ಶೇಕಡಾವಾರಿಗೆ ಚಾಲ್ತಿ ಬೆಲೆ. ಇದನ್ನು ಅದಲುಬದಲು ಮಾಡಿದರೆ ಎಲ್ಲ ಲೆಕ್ಕವೂ ಕೆಡುತ್ತದೆ. ಆಧಾರ ವರ್ಷ (ಬೆಲೆ ಹೋಲಿಕೆಗೆ ಹಿಡಿದ ವರ್ಷ) ಬೇರೆಯಾದ ಎರಡು ಸರಣಿಗಳನ್ನು ಒಂದೇ ಗ್ರಾಫಿನಲ್ಲಿ ಜೋಡಿಸಬೇಡಿ. ಹಾಗೆ ಜೋಡಿಸಿದ ಗ್ರಾಫಿನಲ್ಲಿ ಕಾಣುವ ನೆಗೆತಕ್ಕೆ ಆರ್ಥಿಕತೆ ಕಾರಣವಾಗಿರುವುದಿಲ್ಲ, ಅಳತೆಗೋಲು ಬದಲಾಗಿರುತ್ತದೆ, ಅಷ್ಟೆ.

ತಲಾ ಆದಾಯದ ಛೇದ ಜನಸಂಖ್ಯೆ. 2011ರ ಗಣತಿಯಲ್ಲಿ ರಾಜ್ಯದ ಜನಸಂಖ್ಯೆ 6.11 ಕೋಟಿ. ಆಮೇಲಿನದೆಲ್ಲ ಮುನ್ನಂದಾಜು. ಅಂದಾಜಿನ ಛೇದದ ಮೇಲೆ ನಿಂತ ತಲಾ ಆದಾಯವನ್ನು ರೂಪಾಯಿ ಲೆಕ್ಕದಲ್ಲಿ ಒಪ್ಪಿಸಿ "ಪಕ್ಕದ ರಾಜ್ಯಕ್ಕಿಂತ 412 ರೂಪಾಯಿ ಕಡಿಮೆ" ಎನ್ನುವ ಮಾತಿಗೆ ಅರ್ಥವಿಲ್ಲ.

ಬೆಂಗಳೂರಿನ ಪ್ರಶ್ನೆ ಬಂದೇ ಬರುತ್ತದೆ. ರಾಜ್ಯದ ಉತ್ಪನ್ನದಲ್ಲಿ ಮೂರನೇ ಒಂದಕ್ಕಿಂತ ಹೆಚ್ಚು ಪಾಲು ಬೆಂಗಳೂರು ನಗರ ಜಿಲ್ಲೆಯೊಂದರದ್ದೇ. ಕೈಲೆಕ್ಕ ಮಾಡಿ: 2011ರ ಗಣತಿಯಲ್ಲಿ ಈ ಜಿಲ್ಲೆಯ ಜನ ಸುಮಾರು 96 ಲಕ್ಷ, ಅಂದರೆ ರಾಜ್ಯದ ಶೇ 15.7. ಉತ್ಪನ್ನದ ಪಾಲನ್ನು ಬರೀ ಮೂರನೇ ಒಂದು ಎಂದು ಹಿಡಿದರೂ ಉಳಿದ ಶೇ 84 ಜನಕ್ಕೆ ಸಿಗುವುದು ಮೂರನೇ ಎರಡು ಭಾಗ. 66.7ನ್ನು 84.3ರಿಂದ ಭಾಗಿಸಿದರೆ 0.79. ಬೆಂಗಳೂರನ್ನು ಪಕ್ಕಕ್ಕಿಟ್ಟರೆ ರಾಜ್ಯದ ಸರಾಸರಿ ಐದನೇ ಒಂದು ಭಾಗದಷ್ಟು ಕುಸಿಯುತ್ತದೆ. ಇದು ಒರಟು ಲೆಕ್ಕ. 2011ರ ನಂತರ ಬೆಂಗಳೂರಿನ ಜನಸಂಖ್ಯೆ ಬೇರೆಡೆಗಿಂತ ಬೇಗ ಏರಿದೆ ಎಂಬುದನ್ನು ನೀವೇ ಮೊದಲು ಹೇಳಿಬಿಡಿ. ಎದುರಾಳಿ ಹೇಳುವವರೆಗೆ ಕಾಯಬೇಡಿ. ಇದರ ಜೊತೆಗೆ ಪ್ರಾದೇಶಿಕ ಅಸಮತೋಲನದ ಅಧ್ಯಯನ ಮಾಡಿದ ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯನ್ನು ತರಬಹುದು. 2002ರ ಅದರ ವರದಿ 175 ತಾಲ್ಲೂಕುಗಳಲ್ಲಿ 114ನ್ನು ಹಿಂದುಳಿದವು ಎಂದು ಗುರುತಿಸಿತು. ಅತ್ಯಂತ ಹಿಂದುಳಿದ 39ರಲ್ಲಿ 26 ಉತ್ತರ ಕರ್ನಾಟಕದವು, 21 ಕಲಬುರಗಿ ವಿಭಾಗವೊಂದರಲ್ಲೇ. "ಹಿಂದುಳಿದದ್ದೆಲ್ಲ ಉತ್ತರದಲ್ಲೇ" ಎಂದು ಸಾರಾಸಗಟಾಗಿ ಹೇಳುವವರಿಗೆ ಉಳಿದ 13 ದಕ್ಷಿಣದಲ್ಲೇ ಇವೆ ಎಂದು ನೆನಪಿಸಿ.

ನಿರುದ್ಯೋಗ ದರ ಎಂಬ ಮೋಸದ ಮೆಟ್ಟಿಲು

ಇಲ್ಲಿ ನಿಧಾನಿಸಿ. ಈ ಚರ್ಚೆಯಲ್ಲಿ ಅತಿ ಹೆಚ್ಚು ಜನ ಜಾರಿ ಬೀಳುವುದು ಇಲ್ಲೇ.

2023–24ರ ಪಿಎಲ್‌ಎಫ್‌ಎಸ್ ಎಂಬ ಉದ್ಯೋಗ ಸಮೀಕ್ಷೆಯಲ್ಲಿ (ಕೇಂದ್ರ ಅಂಕಿಅಂಶ ಇಲಾಖೆಯದು, ಜುಲೈಯಿಂದ ಜೂನ್ ವರ್ಷ, 15 ವರ್ಷ ಮೇಲ್ಪಟ್ಟವರು) ದೇಶದ ನಿರುದ್ಯೋಗ ದರ ಶೇ 3.2. ಕರ್ನಾಟಕದ್ದು ಶೇ 2.7. ಮಧ್ಯಪ್ರದೇಶದ್ದು ಶೇ 1. ಕೇರಳದ್ದು ಶೇ 7.2, ಅಲ್ಲಿನ 15ರಿಂದ 29 ವಯಸ್ಸಿನವರಲ್ಲಿ ಶೇ 29.9. ಈ ಅಂಕಿಗಳನ್ನೇ ನಂಬಿದರೆ ಕೆಲಸ ಬೇಕಾದವರು ಕೊಚ್ಚಿ ಬಿಟ್ಟು ಭೋಪಾಲ್ ರೈಲು ಹತ್ತಬೇಕಿತ್ತು. ನಡೆಯುತ್ತಿರುವುದು ಉಲ್ಟಾ. ಮನೆಯಲ್ಲಿ ಅನ್ನಕ್ಕೆ ದಾರಿ ಇದ್ದವನು ಮಾತ್ರ ತನಗೊಪ್ಪುವ ಕೆಲಸಕ್ಕೆ ಕಾಯಬಲ್ಲ. ಇಲ್ಲದವನು ಸಿಕ್ಕಿದ್ದನ್ನು ಹಿಡಿಯುತ್ತಾನೆ, ಸಮೀಕ್ಷೆಯಲ್ಲಿ "ಉದ್ಯೋಗಿ" ಆಗುತ್ತಾನೆ. ಆದ್ದರಿಂದ ಕಡಿಮೆ ನಿರುದ್ಯೋಗ ದರ ಸರ್ಕಾರದ ಸಾಧನೆಯೂ ಅಲ್ಲ, ಹೆಚ್ಚು ದರ ವೈಫಲ್ಯಕ್ಕೆ ಪುರಾವೆಯೂ ಅಲ್ಲ.

ಈ ದರ ಹೇಗೆ ಆಡುತ್ತದೆ ಎಂದು ತೀರ್ಪುಗಾರರಿಗೆ ತೋರಿಸಲು ನೂರು ಜನರ ಊರೊಂದು ಸಾಕು. 54 ಜನ ದುಡಿಯುತ್ತಿದ್ದಾರೆ, 6 ಜನ ಕೆಲಸ ಹುಡುಕುತ್ತಿದ್ದಾರೆ, 40 ಜನ ಇವೆರಡರಲ್ಲೂ ಇಲ್ಲ. ನಿರುದ್ಯೋಗ ದರದ ಛೇದ ನೂರಲ್ಲ, ದುಡಿಯುವವರು ಮತ್ತು ಹುಡುಕುವವರು ಸೇರಿ 60. ಆರು ಭಾಗಿಸು ಅರವತ್ತು, ಶೇ 10. ಈಗ ಹುಡುಕುತ್ತಿದ್ದ ಆರರಲ್ಲಿ ನಾಲ್ವರು ಕೆಎಎಸ್, ಪಿಎಸ್‌ಐ ಪರೀಕ್ಷೆ ಎಂದು ಧಾರವಾಡದ ಸಪ್ತಾಪುರದಲ್ಲಿ ರೂಮು ಮಾಡಿ ಕೋಚಿಂಗ್‌ಗೆ ಕೂತರು ಎನ್ನಿ. ಅವರು ವಿದ್ಯಾರ್ಥಿಗಳೆಂದು ದಾಖಲಾದರೆ ಛೇದದಿಂದಲೇ ಹೊರಗೆ. ಈಗ ಹುಡುಕುವವರು 2, ಛೇದ 56, ದರ ಶೇ 3.6. ಒಬ್ಬನಿಗೂ ಕೆಲಸ ಸಿಕ್ಕಿಲ್ಲ, ನಿರುದ್ಯೋಗ ಮೂರರಲ್ಲೆರಡು ಪಾಲು ಕರಗಿತು.

ಈ ಲೆಕ್ಕವನ್ನು ಬಾಯಿಪಾಠ ಮಾಡಿ. ಕೈಯಲ್ಲಿ ಕಾಗದ ಇಲ್ಲದೆ ಒಂದು ನಿಮಿಷದಲ್ಲಿ ಹೇಳಲು ಬರಬೇಕು.

ಅದರ ಬದಲು ಯಾವ ಅಂಕಿ? ದುಡಿಯುವವರ ಅನುಪಾತ, ಅಂದರೆ ಒಟ್ಟು ಜನರಲ್ಲಿ ಎಷ್ಟು ಮಂದಿ ಕೆಲಸದಲ್ಲಿದ್ದಾರೆ ಎಂಬುದು. ಇದರ ಛೇದ ಅಲುಗಾಡುವುದಿಲ್ಲ. ನಮ್ಮ ಊರಿನಲ್ಲಿ ಕೋಚಿಂಗ್‌ಗೆ ಮೊದಲೂ 54, ಆಮೇಲೂ 54. ದೇಶದ ಮಟ್ಟದಲ್ಲಿ ಇದು 2017–18ರಲ್ಲಿ ಶೇ 46.8 ಇದ್ದದ್ದು 2023–24ರಲ್ಲಿ ಶೇ 58.2 ಆಯಿತು. ವಿಷಯದ ವಿರೋಧ ಮಾತನಾಡುವವರಿಗೆ ಇದಕ್ಕಿಂತ ಒಳ್ಳೆಯ ಆಯುಧವಿಲ್ಲ: "ಉದ್ಯೋಗ ಹುಟ್ಟುತ್ತಿಲ್ಲ ಎನ್ನುತ್ತೀರಿ, ನೂರಕ್ಕೆ ಹನ್ನೊಂದು ಜನ ಹೆಚ್ಚು ದುಡಿಯುತ್ತಿದ್ದಾರಲ್ಲ?"

ಪರ ಪಕ್ಷ ಇದಕ್ಕೆ ಸಿದ್ಧವಾಗಿರಬೇಕು. ಉತ್ತರ ಅದೇ ವರದಿಯಲ್ಲಿದೆ. ಆ ಆರು ವರ್ಷಗಳಲ್ಲಿ ಸ್ವಂತ ಉದ್ಯೋಗದವರ ಪಾಲು ಶೇ 52.2ರಿಂದ 58.4ಕ್ಕೆ ಏರಿತು, ತಿಂಗಳ ಸಂಬಳದವರ ಪಾಲು ಶೇ 22.8ರಿಂದ 21.7ಕ್ಕೆ ಇಳಿಯಿತು. ಕೃಷಿಯನ್ನು ನೆಚ್ಚಿದವರ ಪಾಲು ಶೇ 44.1ರಿಂದ 46.1ಕ್ಕೆ ಏರಿತು. ಬೆಳೆಯುವ ದೇಶದಲ್ಲಿ ಈ ಪಾಲು ಇಳಿಯಬೇಕು. "ಸ್ವಂತ ಉದ್ಯೋಗ" ಎಂದರೆ ಫ್ಯಾಕ್ಟರಿ ಮಾಲೀಕನೂ ಹೌದು, ಸಂಜೆ ತಳ್ಳುಗಾಡಿಯಲ್ಲಿ ಮಿರ್ಚಿ ಕರಿಯುವವನೂ ಹೌದು, ಗಂಡನ ಕಿರಾಣಿ ಅಂಗಡಿಯಲ್ಲಿ ಸಂಬಳವಿಲ್ಲದೆ ಕೂರುವ ಹೆಂಡತಿಯೂ ಹೌದು. ಮಹಿಳೆಯರ ಪಾಲ್ಗೊಳ್ಳುವಿಕೆ ಶೇ 23.3ರಿಂದ 41.7ಕ್ಕೆ ಜಿಗಿದದ್ದರಲ್ಲಿ ಹೊಲ, ಮನೆಯಂಗಡಿಗಳ ದುಡಿಮೆಯೇ ದೊಡ್ಡದು. ಇದನ್ನು "ಕೆಲಸವೇ ಅಲ್ಲ" ಎಂದು ಮಾತ್ರ ಹೇಳಬೇಡಿ. ಸಭೆಯಲ್ಲಿ ಕೂತ ಹೆಣ್ಣುಮಕ್ಕಳು ಸರಿಯಾಗಿಯೇ ಸಿಟ್ಟಾಗುತ್ತಾರೆ. "ದುಡಿಮೆ ಇದೆ, ಕೂಲಿ ಇಲ್ಲ" ಎನ್ನಿ, ಅದೇ ನಿಜ. ಇವೆಲ್ಲ ದೇಶದ ಅಂಕಿಗಳು. ಕರ್ನಾಟಕಕ್ಕೆ ಇದೇ ಕೋಷ್ಟಕಗಳ ರಾಜ್ಯವಾರು ಸಾಲನ್ನು ವರದಿಯ ಅನುಬಂಧದಿಂದ ಎತ್ತಿಕೊಳ್ಳಿ. ದೇಶದ ಅಂಕಿಯನ್ನು ರಾಜ್ಯದ್ದೆಂದು ಹೇಳಿ ಸಿಕ್ಕಿಬೀಳಬೇಡಿ.

ಎರಡು ಅಳತೆಗೋಲುಗಳ ವಿಚಾರವನ್ನೂ ತಿಳಿದಿರಿ. "ವಾಡಿಕೆಯ ಸ್ಥಿತಿ" ಎಂಬುದು ಹಿಂದಿನ 365 ದಿನಗಳನ್ನು ನೋಡುತ್ತದೆ, ಪೂರಕ ಕೆಲಸವನ್ನು 30 ದಿನ ಮಾಡಿದ್ದರೂ ಉದ್ಯೋಗಿ. "ವಾರದ ಸ್ಥಿತಿ" ಹಿಂದಿನ ಏಳು ದಿನ ನೋಡುತ್ತದೆ, ಅದರಲ್ಲಿ ಯಾವುದಾದರೊಂದು ದಿನ ಒಂದು ಗಂಟೆ ದುಡಿದಿದ್ದರೂ ಉದ್ಯೋಗಿ. 2023–24ಕ್ಕೆ ಮೊದಲ ಅಳತೆಯಲ್ಲಿ ಶೇ 3.2, ಎರಡನೆಯದರಲ್ಲಿ ಶೇ 4.9. 2025ರಿಂದ ತಿಂಗಳಿಗೊಮ್ಮೆ ಬರುವ ವರದಿ ವಾರದ ಸ್ಥಿತಿಯದು. ಅದರ ಮೊದಲ ಅಂಕಿ, 2025ರ ಏಪ್ರಿಲ್‌ನದು, ಶೇ 5.1. "3.2 ಇದ್ದ ನಿರುದ್ಯೋಗ ಒಂದೇ ವರ್ಷದಲ್ಲಿ 5.1 ಆಯಿತು" ಎಂದು ಯಾರಾದರೂ ಕೂಗಿದರೆ ಸುಮ್ಮನೆ ಕೇಳಿ: ಇಂಚಿನ ಟೇಪಿನಲ್ಲಿ ಒಂದು ಸಲ, ಸೆಂಟಿಮೀಟರಿನಲ್ಲಿ ಒಂದು ಸಲ ಅಳೆದಿರಾ?

ಇನ್ನೊಂದು ಮಾತು. 2025ಕ್ಕೆ ಮುಂಚಿನ ವಾರ್ಷಿಕ ವರದಿಗಳು ರಾಜ್ಯದ ಮಟ್ಟಕ್ಕೆ ನಿಲ್ಲುತ್ತವೆ. "ಯಾದಗಿರಿ ಜಿಲ್ಲೆಯ ನಿರುದ್ಯೋಗ ದರ ಇಷ್ಟು" ಎಂದು ದಶಾಂಶದವರೆಗೆ ಹೇಳುವವರನ್ನು ಮೂಲ ಕೇಳದೆ ಬಿಡಬೇಡಿ.

ಕೆಲಸದ ಲೆಕ್ಕಕ್ಕೆ ಬಳಸುವ ಅಡ್ಡ ಅಂಕಿಗಳು

ಪಿಎಫ್ ಸಂಖ್ಯೆಯನ್ನು ಆಡಳಿತ ಪಕ್ಷದವರು ಬಹಳ ಇಷ್ಟಪಡುತ್ತಾರೆ. 20 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಸಂಸ್ಥೆಗೆ ಪಿಎಫ್ ಕಡ್ಡಾಯ. 19 ಜನರಿದ್ದ ಪ್ರೆಸ್ಸೊಂದು ಇನ್ನೊಬ್ಬನನ್ನು ಸೇರಿಸಿಕೊಂಡಿತು ಎನ್ನಿ. ಹುಟ್ಟಿದ ಕೆಲಸ ಒಂದು. ಪಿಎಫ್ ಪಟ್ಟಿಗೆ ಸೇರಿದ ಹೆಸರು ಇಪ್ಪತ್ತು. ಕೆಲಸ ಕಾಯ್ದೆಯ ಆಸರೆಗೆ ಬಂತು ಎನ್ನಲು ಈ ಅಂಕಿ ಒಳ್ಳೆಯದು, ಕೆಲಸ ಹುಟ್ಟಿತು ಎನ್ನಲು ಸಾಲದು. ಆದರೆ 18ರಿಂದ 25 ವಯಸ್ಸಿನ ಹೊಸ ಸದಸ್ಯರ ಸಾಲನ್ನು ಮಾತ್ರ ವರ್ಷದಿಂದ ವರ್ಷಕ್ಕೆ ಹೋಲಿಸಿದರೆ ಸ್ವಲ್ಪ ಅರ್ಥ ಹೊರಡುತ್ತದೆ.

ಯುವನಿಧಿ ಫಲಾನುಭವಿಗಳ ಸಂಖ್ಯೆಯನ್ನು ನಿರುದ್ಯೋಗಿಗಳ ಸಂಖ್ಯೆ ಎನ್ನಬೇಡಿ. 2022–23ರಲ್ಲಿ ಪದವಿ ಅಥವಾ ಡಿಪ್ಲೊಮಾ ಮುಗಿಸಿ ಆರು ತಿಂಗಳು ಕೆಲಸ ಸಿಗದವರಿಗೆಂದು ಶುರುವಾದ ಯೋಜನೆ ಅದು. ಪದವೀಧರರಿಗೆ 3,000, ಡಿಪ್ಲೊಮಾದವರಿಗೆ 1,500 ರೂಪಾಯಿ, ಹೆಚ್ಚೆಂದರೆ ಎರಡು ವರ್ಷ. ಪಿಯುಸಿಗೆ ನಿಂತವನು, ಹತ್ತನೇ ತರಗತಿ ಫೇಲಾದವನು ಅದರ ಲೆಕ್ಕದಲ್ಲೇ ಇಲ್ಲ.

ಹೂಡಿಕೆ ಸಮಾವೇಶಗಳ ಅಂಕಿಯಂತೂ ಲೆಕ್ಕ ಬಲ್ಲವರಿಗೆ ಹಬ್ಬ. 2025ರ ಫೆಬ್ರುವರಿಯ ಇನ್ವೆಸ್ಟ್ ಕರ್ನಾಟಕದಲ್ಲಿ 10.27 ಲಕ್ಷ ಕೋಟಿ ರೂಪಾಯಿ ಹೂಡಿಕೆಯ ಭರವಸೆ, 6 ಲಕ್ಷ ಉದ್ಯೋಗ ಎಂದು ಸರ್ಕಾರ ಹೇಳಿತು. ಭಾಗಿಸಿ: ಒಂದು ಕೆಲಸಕ್ಕೆ 1.71 ಕೋಟಿ ರೂಪಾಯಿ. ಅದೇ ಸಮಾವೇಶದ ಹೊತ್ತಿಗೆ ಬಂದ 2025–30ರ ಕೈಗಾರಿಕಾ ನೀತಿಯ ಗುರಿ 7.5 ಲಕ್ಷ ಕೋಟಿ ಹೂಡಿಕೆ, 20 ಲಕ್ಷ ಉದ್ಯೋಗ. ಭಾಗಿಸಿ: ಒಂದು ಕೆಲಸಕ್ಕೆ 37.5 ಲಕ್ಷ. ಒಂದೇ ಸರ್ಕಾರ, ಒಂದೇ ತಿಂಗಳು, ಒಂದು ಕೆಲಸದ ಬೆಲೆಯಲ್ಲಿ ನಾಲ್ಕೂವರೆ ಪಟ್ಟು ವ್ಯತ್ಯಾಸ. ಸುಳ್ಳು ಎಂದು ಕೂಗಬೇಡಿ, ಅದರ ಅಗತ್ಯವೂ ಇಲ್ಲ. ಸಮಾವೇಶದ ಭರವಸೆಗಳಲ್ಲಿ ಸೌರ, ಪವನ ವಿದ್ಯುತ್ತಿನಂಥ ಯೋಜನೆಗಳ ಪಾಲು ದೊಡ್ಡದು. ಅಲ್ಲಿ ಹಣ ಬೇಕು, ಜನ ಬೇಡ. ನೂರಾರು ಎಕರೆ ಸೋಲಾರ್ ಪಾರ್ಕಿಗೆ ಕಟ್ಟುವಾಗ ಕೂಲಿಗಳು ಬೇಕು, ಕಟ್ಟಿದ ಮೇಲೆ ಫಲಕ ತೊಳೆಯುವವರು, ಕಾವಲುಗಾರರು, ಒಂದಿಷ್ಟು ತಂತ್ರಜ್ಞರು ಸಾಕು. ಗಾರ್ಮೆಂಟ್ ಘಟಕಕ್ಕೆ ಹೊಲಿಗೆ ಯಂತ್ರಕ್ಕೊಬ್ಬರು ಬೇಕೇ ಬೇಕು. ಪರ ಪಕ್ಷಕ್ಕೆ ಇದಕ್ಕಿಂತ ಒಳ್ಳೆಯ ಒಂದೂವರೆ ನಿಮಿಷ ಸಿಗುವುದಿಲ್ಲ. ವಿಷಯದ ವಿರೋಧ ಮಾತನಾಡುವವರು ಕೊಡಬಹುದಾದ ಉತ್ತರವೂ ಇದೆ: ವಿದ್ಯುತ್ ಬಂದ ಮೇಲೆ ಬರುವ ಕಾರ್ಖಾನೆಗಳ ಕೆಲಸ ಈ ಲೆಕ್ಕದಲ್ಲಿ ಇಲ್ಲ. ಹಾಗೆ ಹೇಳಿದರೆ ಯಾವ ಕಾರ್ಖಾನೆ, ಯಾವ ಊರಿಗೆ ಎಂದು ಹೆಸರಿಸಲು ತಯಾರಾಗಿ ಬನ್ನಿ.

ಖಜಾನೆಯ ಲೆಕ್ಕ: ಒಂದೇ ಮೊತ್ತ, ಮೂರು ಛೇದ

2025–26ರ ಬಜೆಟ್ ಗಾತ್ರ 4,09,549 ಕೋಟಿ ರೂಪಾಯಿ. ಅದರಲ್ಲಿ ರಾಜಸ್ವ ವೆಚ್ಚ (ಸಂಬಳ, ಪಿಂಚಣಿ, ಬಡ್ಡಿಯಂಥ ದಿನದ ಖರ್ಚು) 3,11,739 ಕೋಟಿ, ಬಂಡವಾಳ ವೆಚ್ಚ (ರಸ್ತೆ, ನೀರಾವರಿಯಂಥ ಆಸ್ತಿಯ ಖರ್ಚು) 71,336 ಕೋಟಿ, ಸಾಲದ ಅಸಲು ಮರುಪಾವತಿ 26,474 ಕೋಟಿ. ಕೂಡಿದರೆ ತಾಳೆಯಾಗುತ್ತದೆ. ಯಾವ ವರ್ಷದ ಬಜೆಟ್ ಹಿಡಿದರೂ ಮೊದಲು ಹೀಗೆ ಕೂಡಿ ನೋಡಿ, ತಾಳೆಯಾಗದಿದ್ದರೆ ಎಲ್ಲೋ ತಪ್ಪು ಬರೆದುಕೊಂಡಿದ್ದೀರಿ. ರಾಜಸ್ವ ಜಮೆ, ಅಂದರೆ ತೆರಿಗೆ ಮುಂತಾದ ಆದಾಯ, 2,92,477 ಕೋಟಿ. ರಾಜಸ್ವ ವೆಚ್ಚದಿಂದ ಕಳೆದರೆ ರಾಜಸ್ವ ಕೊರತೆ 19,262 ಕೋಟಿ.

ಐದು ಗ್ಯಾರಂಟಿಗಳಿಗೆ ಇಟ್ಟದ್ದು 51,034 ಕೋಟಿ. ಈಗ ನೋಡಿ. ಬಜೆಟ್ ಗಾತ್ರದಿಂದ ಭಾಗಿಸಿದರೆ ಶೇ 12.5. ರಾಜಸ್ವ ಜಮೆಯಿಂದ ಭಾಗಿಸಿದರೆ ಶೇ 17.4. ಜಿಎಸ್‌ಡಿಪಿಯಿಂದ ಭಾಗಿಸಿದರೆ ಶೇ 1.7ರ ಹತ್ತಿರ. ಗ್ಯಾರಂಟಿ ಹೊರೆ ಎನ್ನುವವರು ಎರಡನೆಯದನ್ನು ಹೇಳುತ್ತಾರೆ, ಹೊರೆಯೇ ಅಲ್ಲ ಎನ್ನುವವರು ಮೂರನೆಯದನ್ನು. ಯಾರೂ ಸುಳ್ಳು ಹೇಳುತ್ತಿಲ್ಲ. ನಮ್ಮ ಅಭಿಪ್ರಾಯ ಕೇಳಿದರೆ ಖರ್ಚಿನ ಭಾರ ತೂಗಲು ರಾಜಸ್ವ ಜಮೆಯೇ ಸರಿಯಾದ ತಕ್ಕಡಿ. ಸಂಬಳ, ಪಿಂಚಣಿ, ಬಡ್ಡಿ ಕೂಡ ಅದರಿಂದಲೇ ಹೋಗಬೇಕು. ಜಿಎಸ್‌ಡಿಪಿ ಸರ್ಕಾರದ ಜೇಬಿನಲ್ಲಿರುವ ದುಡ್ಡಲ್ಲ.

ಸಾಲದ ವಿಚಾರದಲ್ಲಿ ಬರೀ ಮೊತ್ತ ಹೇಳಿ ಹೆದರಿಸುವುದು ಹಳೆಯ ಚಾಳಿ. ಆ ಸಾಲಿಗೆ 1,16,000 ಕೋಟಿ ಹೊಸ ಸಾಲದ ಅಂದಾಜು, ವರ್ಷಾಂತ್ಯಕ್ಕೆ ಒಟ್ಟು ಹೊಣೆಗಾರಿಕೆ 7,64,655 ಕೋಟಿ. ಕೇಳಲು ಭಯವಾಗುತ್ತದೆ. ಆದರೆ ಅದು ಜಿಎಸ್‌ಡಿಪಿಯ ಶೇ 24.91. ವಿತ್ತೀಯ ಕೊರತೆ, ಅಂದರೆ ಸಾಲದಿಂದ ತುಂಬಬೇಕಾದ ಖರ್ಚಿನ ಅಂತರ, 90,428 ಕೋಟಿ, ಶೇ 2.95. 2002ರ ಕರ್ನಾಟಕ ವಿತ್ತೀಯ ಹೊಣೆಗಾರಿಕೆ ಕಾಯ್ದೆಯ ಮಿತಿ ಕ್ರಮವಾಗಿ ಶೇ 25 ಮತ್ತು ಶೇ 3. ವಿಷಯದ ವಿರೋಧ ಮಾತನಾಡುವವರು "ಎರಡೂ ಮಿತಿಯೊಳಗೆ" ಎನ್ನಲಿ. ಪರ ಪಕ್ಷ "0.09ರಷ್ಟು ಜಾಗ ಉಳಿಸಿಕೊಂಡು ಮಿತಿಯೊಳಗೆ" ಎನ್ನಲಿ. ಜಿಎಸ್‌ಡಿಪಿ ಅಂದಾಜಿಗಿಂತ ಒಂದು ಚೂರು ಕಡಿಮೆಯಾದರೂ ಶೇ 25 ದಾಟುತ್ತದೆ ಎಂಬುದು ಗಟ್ಟಿ ವಾದ. ರಾಜಸ್ವ ಕೊರತೆ ಇರುವಾಗ ಸಾಲದ ಒಂದು ಪಾಲು ರಸ್ತೆ, ನೀರಾವರಿಗೆ ಹೋಗದೆ ದಿನದ ಖರ್ಚಿಗೆ ಹೋಗುತ್ತದೆ ಎಂಬುದು ಅದಕ್ಕಿಂತ ಗಟ್ಟಿ. ಉದ್ಯೋಗಕ್ಕೂ ಖಜಾನೆಗೂ ನಂಟು ಇರುವುದು ಇಲ್ಲಿಯೇ, ಆ 71,336 ಕೋಟಿಯಲ್ಲಿ. ಸಭಿಕರಿಗೆ "ಸರ್ಕಾರ ಖರ್ಚು ಮಾಡುವ ನೂರು ರೂಪಾಯಿಯಲ್ಲಿ ಹದಿನೇಳೂವರೆಗಿಂತ ಒಂದು ಚೂರು ಕಡಿಮೆ" ಎಂದು ಹೇಳಿ. ಲಕ್ಷ ಕೋಟಿಗಳು ಕಿವಿಯಲ್ಲಿ ನಿಲ್ಲುವುದಿಲ್ಲ.

ಕೇಂದ್ರದ ಪಾಲಿನ ವಾದದಲ್ಲಿ ಒಂದು ಖೆಡ್ಡಾ ಇದೆ. ಕೇಂದ್ರದ ತೆರಿಗೆಯಲ್ಲಿ ರಾಜ್ಯಗಳ ಪಾಲನ್ನು ಶಿಫಾರಸು ಮಾಡುವುದು ಹಣಕಾಸು ಆಯೋಗ. 14ನೇ ಆಯೋಗದಲ್ಲಿ ರಾಜ್ಯಗಳ ನಡುವಿನ ಹಂಚಿಕೆಯಲ್ಲಿ ಕರ್ನಾಟಕದ ಪಾಲು ಶೇ 4.713 ಇತ್ತು, 15ರಲ್ಲಿ ಶೇ 3.647 ಆಯಿತು, ಅಂದರೆ ಪಾಲಿನಲ್ಲೇ ಐದನೇ ಒಂದಕ್ಕಿಂತ ಹೆಚ್ಚು ಕಡಿತ. ಮುಖ್ಯ ಕಾರಣ, ಶೇ 45 ತೂಕ ಇರುವ ಆದಾಯದ ಅಂತರ ಎಂಬ ಮಾನದಂಡ. ತಲಾ ಆದಾಯ ಏರಿದಷ್ಟೂ ಪಾಲು ಇಳಿಯುತ್ತದೆ. ಈಗ "ರಾಜ್ಯ ಸೊರಗಿದೆ" ಎಂದು ಮೂರು ನಿಮಿಷ ಮಾತಾಡಿ, ನಾಲ್ಕನೇ ನಿಮಿಷದಲ್ಲಿ "ನಾವು ಬೆಳೆದಿದ್ದಕ್ಕೆ ದಂಡ ಹಾಕಿದ್ದಾರೆ" ಎಂದರೆ ನಿಮ್ಮ ವಾದವನ್ನು ನೀವೇ ಕತ್ತರಿಸಿದಂತೆ. ಎರಡರಲ್ಲಿ ಒಂದನ್ನು ಆರಿಸಿ. ಎದುರಾಳಿ ಎರಡನ್ನೂ ಹೇಳಿದರೆ ಬೇರೆ ಪ್ರತಿವಾದವೇ ಬೇಡ, ಎರಡು ಸಾಲನ್ನೂ ಓದಿ ಕೂತುಬಿಡಿ. 2026–27ರಿಂದ 16ನೇ ಆಯೋಗದ ಅವಧಿ ಎಂಬುದನ್ನೂ ಮರೆಯಬೇಡಿ, ಹಳೆಯ ಪಾಲನ್ನು ಹೊಸ ವರ್ಷಕ್ಕೆ ಹೇಳಬಾರದು.

ಸ್ಥಳೀಯರಿಗೆ ಕೆಲಸ, ಭೂಮಿ: ಬಿಸಿ ಏರುವ ಎರಡು ವಿಷಯ

ಖಾಸಗಿ ವಲಯದಲ್ಲಿ ಸ್ಥಳೀಯರಿಗೆ ಮೀಸಲು ಎಂಬ ಮಾತು ಬಂದರೆ ಘಟನೆಗಳ ಕ್ರಮ ಸರಿಯಾಗಿರಲಿ. 2024ರ ಜುಲೈನಲ್ಲಿ ರಾಜ್ಯ ಸಂಪುಟ ಒಪ್ಪಿದ ಮಸೂದೆಯಲ್ಲಿ ಆಡಳಿತ ಹುದ್ದೆಗಳಲ್ಲಿ ಶೇ 50, ಉಳಿದವುಗಳಲ್ಲಿ ಶೇ 70 ಎಂದಿತ್ತು. ಉದ್ಯಮದ ವಿರೋಧದ ನಡುವೆ ಎರಡೇ ದಿನದಲ್ಲಿ ತಡೆಹಿಡಿಯಲಾಯಿತು. ಹರಿಯಾಣದ ಶೇ 75ರ ಕಾಯ್ದೆಯನ್ನು 2023ರ ನವೆಂಬರಿನಲ್ಲಿ ಅಲ್ಲಿನ ಹೈಕೋರ್ಟ್ ರದ್ದು ಮಾಡಿತ್ತು. ಆರ್ಥಿಕ ವಾದ ಬೇರೆ, ಸಂವಿಧಾನದ ವಾದ ಬೇರೆ. ಮೀಸಲು ಇರುವ ಕೆಲಸವನ್ನು ಹಂಚುವ ಕ್ರಮ, ಹೊಸ ಕೆಲಸ ಹುಟ್ಟಿಸುವ ಕ್ರಮವಲ್ಲ. ಕನ್ನಡಿಗರಿಗೆ ಉದ್ಯೋಗ ಕುರಿತ ಸರೋಜಿನಿ ಮಹಿಷಿ ವರದಿಯ ಹೆಸರು ಎತ್ತುವವರು ಅದರ ಒಂದು ಶಿಫಾರಸನ್ನಾದರೂ ಓದಿಕೊಂಡು ಬರಬೇಕು, ಹೆಸರಿಗೇ ಚಪ್ಪಾಳೆ ಬೀಳುತ್ತದೆಂದು ಎತ್ತಬಾರದು.

ಭೂಮಿಯ ವಿಷಯಕ್ಕೆ ದೇವನಹಳ್ಳಿ ಒಳ್ಳೆಯ ಉದಾಹರಣೆ, ಎರಡೂ ಪಕ್ಷಕ್ಕೆ. ಅಲ್ಲಿನ ಚನ್ನರಾಯಪಟ್ಟಣ ಹೋಬಳಿಯಲ್ಲಿ ಕೈಗಾರಿಕೆಗೆಂದು ಹೊರಟಿದ್ದ 1,777 ಎಕರೆ ಸ್ವಾಧೀನವನ್ನು ರೈತರ ದೀರ್ಘ ಹೋರಾಟದ ನಂತರ 2025ರ ಜುಲೈನಲ್ಲಿ ಸರ್ಕಾರ ಕೈಬಿಟ್ಟಿತು. ಉದ್ಯಮಿಗಳಿಗೆ ಆಂಧ್ರಪ್ರದೇಶದ ಸಚಿವರೊಬ್ಬರಿಂದ ಕೂಡಲೇ "ನಮ್ಮಲ್ಲಿಗೆ ಬನ್ನಿ" ಎಂಬ ಕರೆ ಬಂತು. "ಕೆಲಸ ಕೈತಪ್ಪಿತು" ಎನ್ನುವವರು ಆ ಹೊಲಗಳಲ್ಲಿ ಈಗಾಗಲೇ ಹೂವು, ತರಕಾರಿ, ಹೈನುಗಾರಿಕೆಯಲ್ಲಿ ದುಡಿಯುತ್ತಿರುವವರನ್ನು ಲೆಕ್ಕದಿಂದ ಬಿಡಬಾರದು. "ರೈತರು ಗೆದ್ದರು" ಎನ್ನುವವರು ಆ ಕಾರ್ಖಾನೆ ಎಲ್ಲಿಗೆ ಹೋಗಬೇಕು ಎಂಬುದಕ್ಕೆ ಉತ್ತರ ಇಟ್ಟುಕೊಂಡಿರಬೇಕು. ಹುಟ್ಟುವ ಕೆಲಸದಿಂದ ಅಳಿಯುವ ಕೆಲಸ ಕಳೆದು ಉಳಿದದ್ದನ್ನು ಹೇಳುವವರು ಬಹಳ ಕಡಿಮೆ.

ಚೀಟಿ, ಸಮಯ, ದನಿ

ಪೋಸ್ಟ್‌ಕಾರ್ಡ್ ಗಾತ್ರದ ಹತ್ತು ಚೀಟಿ ಸಾಕು. ಒಂದೊಂದರಲ್ಲೂ ಅಂಕಿ, ಛೇದ, ವರ್ಷ, ಮೂಲ, ಕೊನೆಗೆ "ಈ ಅಂಕಿ ಏನನ್ನು ಹೇಳುವುದಿಲ್ಲ" ಎಂಬ ಒಂದು ಸಾಲು. ಪ್ರತಿವಾದಕ್ಕೆ ಉತ್ತರ ಸಿಗುವುದು ಆ ಕೊನೆಯ ಸಾಲಿನಲ್ಲೇ. ಮೂಲ ಎಂದರೆ ಪತ್ರಿಕೆಯ ತಲೆಬರಹವಲ್ಲ. ಬಜೆಟ್ ಭಾಷಣ, ಮಧ್ಯಮಾವಧಿ ವಿತ್ತೀಯ ಯೋಜನೆ, ರಾಜ್ಯದ ಆರ್ಥಿಕ ಸಮೀಕ್ಷೆ ಎಲ್ಲವೂ ಸರ್ಕಾರದ ತಾಣಗಳಲ್ಲಿ ಪುಕ್ಕಟೆ ಸಿಗುತ್ತವೆ. ಬೇರೆ ರಾಜ್ಯಗಳ ಜೊತೆ ಹೋಲಿಸಲು ರಿಸರ್ವ್ ಬ್ಯಾಂಕ್ ಪ್ರತಿವರ್ಷ ತರುವ ರಾಜ್ಯಗಳ ಅಂಕಿಅಂಶ ಕೈಪಿಡಿ ಒಂದೇ ಸಾಕು, ಎಲ್ಲ ರಾಜ್ಯವೂ ಒಂದೇ ಅಳತೆಗೋಲಿನಲ್ಲಿರುತ್ತದೆ.

ನಾಲ್ಕು ನಿಮಿಷದ ಭಾಷಣಕ್ಕೆ ಸುಮಾರು ನಾಲ್ಕು ನೂರು ಪದ. ಅದರಲ್ಲಿ ಆರು ಅಂಕಿಗಿಂತ ಹೆಚ್ಚು ತುರುಕಬೇಡಿ. ಮೊದಲ ಅರ್ಧ ನಿಮಿಷ ಹೋಲಿಕೆ ನಿಗದಿಗೆ. ಆಮೇಲೆ ಒಂದೂವರೆ ನಿಮಿಷ ನಿಮ್ಮ ಅತಿ ಗಟ್ಟಿ ವಾದಕ್ಕೆ: ಪರ ಇದ್ದರೆ ಹೂಡಿಕೆ–ಉದ್ಯೋಗದ ಭಾಗಾಕಾರ, ವಿರೋಧ ಇದ್ದರೆ ದುಡಿಯುವವರ ಅನುಪಾತ. ಉಳಿದದ್ದರಲ್ಲಿ ಒಂದು ನಿಮಿಷ ಖಜಾನೆ, ಮತ್ತೊಂದು ನಿಮಿಷ ಎದುರಾಳಿಗೇ ಬಿಡಿ, ಅವರು ಹೇಳಬಹುದಾದದ್ದಕ್ಕೆ ಮೊದಲೇ ಉತ್ತರ. "ನಾಲ್ಕು ಲಕ್ಷ ಒಂಬತ್ತು ಸಾವಿರದ ಐನೂರ ನಲವತ್ತೊಂಬತ್ತು ಕೋಟಿ" ಎಂದು ವೇದಿಕೆಯಲ್ಲಿ ಓದುವಷ್ಟರಲ್ಲಿ ಗಂಟೆ ಬಾರಿಸುತ್ತಾರೆ. "ಸುಮಾರು ನಾಲ್ಕು ಲಕ್ಷ ಹತ್ತು ಸಾವಿರ ಕೋಟಿ" ಎನ್ನಿ, ಪೂರ್ತಿ ಅಂಕಿ ಚೀಟಿಯಲ್ಲಿರಲಿ.

ಡೆಲಿವರಿ ಹುಡುಗನ ಕಥೆಯನ್ನು ಹೇಳಲೇಬೇಡಿ ಎನ್ನುವುದಿಲ್ಲ. ಆದರೆ ಅದು ಅಂಕಿಯ ಹಿಂದೆ ಬರಲಿ. ಮೊದಲೇ ಬಂದರೆ ಎದುರಾಳಿ ಎರಡು ಲಕ್ಷ ಸಂಬಳದ ಇನ್ನೊಬ್ಬ ಹುಡುಗನನ್ನು ತರುತ್ತಾನೆ, ಅಲ್ಲಿಗೆ ಇಬ್ಬರೂ ಸಮ. ಪಕ್ಷದ ಹೆಸರು, ಮುಖ್ಯಮಂತ್ರಿಯ ಹೆಸರು ಬರುವ ವಾಕ್ಯಗಳನ್ನು ಬರೆದ ಮೇಲೆ ಒಮ್ಮೆ ಹೊಡೆದು ಹಾಕಿ ಓದಿ ನೋಡಿ. ವಾದ ನಿಂತರೆ ಹೆಸರು ಬೇಕಿರಲಿಲ್ಲ ಎಂದರ್ಥ. ಬಂಗಾಳದ ಇಳಿತ ಆರು ದಶಕದ್ದು, ಯಾವ ಒಂದು ಸರ್ಕಾರದ ಐದು ವರ್ಷಕ್ಕೂ ಅದನ್ನು ಕಟ್ಟಿಹಾಕಲಾಗದು.

ಹಿಂದಿನ ರಾತ್ರಿ ಮಾಡಬೇಕಾದ ಕೊನೆಯ ಕೆಲಸ: ಪ್ರತಿ ಬಜೆಟ್ ಅಂಕಿಯ ಪಕ್ಕದಲ್ಲಿ ಅದು ಬಜೆಟ್ ಅಂದಾಜೋ, ಪರಿಷ್ಕೃತ ಅಂದಾಜೋ, ಲೆಕ್ಕ ಮುಗಿದ ಅಂಕಿಯೋ ಎಂದು ಬರೆದುಕೊಳ್ಳಿ. ಮಾರ್ಚಿನಲ್ಲಿ ಹೇಳಿದ್ದು ಮುಂದಿನ ಮಾರ್ಚಿಗೆ ಪರಿಷ್ಕೃತವಾಗುತ್ತದೆ, ನಿಜವಾದ ಖರ್ಚು ಗೊತ್ತಾಗುವುದು ಸರ್ಕಾರಿ ಲೆಕ್ಕಪರಿಶೋಧಕರಾದ ಸಿಎಜಿಯ ಲೆಕ್ಕ ಬಂದ ಮೇಲೆ. ಇಲ್ಲಿ ನಾವು ಕೊಟ್ಟ 2025–26ರ ಎಲ್ಲ ಅಂಕಿಯೂ ಬಜೆಟ್ ಅಂದಾಜು. ನಿಮ್ಮ ಕೈಯಲ್ಲಿ ಪರಿಷ್ಕೃತದ್ದು ಇದ್ದರೆ ಇವನ್ನು ಹೊಡೆದು ಹಾಕಿ, ಅದನ್ನು ಬರೆದುಕೊಳ್ಳಿ.